ಮಾವನ ಕಣ್ಣಿಗೆ ನನ್ನ ಲೇಸರ್

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನನಗೆ ಪೇಚಿಗಿಟ್ಟುಕೊಳ್ಳುತ್ತದೆ. ಲೇಸರ್ ಬೆಳಕು ಬಿದ್ದಾಗ ಅಣು ಹೇಗೆ ನಡುಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕುವುದು ನನ್ನ ಉದ್ಯೋಗ. ಯಂತ್ರ ಇರುವುದು ನಮ್ಮ ಸಂಸ್ಥೆಯ ಕೆಳಮಹಡಿಯಲ್ಲಿ. ಅಲ್ಲಿ ಇಣುಕಿದರೆ ಸಾಕು, "ದಯವಿಟ್ಟು ಏನೂ ಮುಟ್ಟಬೇಡಿ ಸಾರ್" ಎನ್ನುತ್ತಾರೆ. ಇಷ್ಟು ಸಣ್ಣ ಸಂಗತಿಯನ್ನು ಕಂಪ್ಲಿಯ ನನ್ನ ಸೋದರಮಾವನ ತಲೆಗೆ ತುಂಬಲು ನನ್ನಿಂದ ಆಗಲೇ ಇಲ್ಲ. ನನ್ನನ್ನು ಓದಿಸಿದವನೇ ಆತ. ಕಬ್ಬಿನ ಗಾಡಿಗಳನ್ನು ನಿಲ್ಲಿಸಿ, "ನಮ್ಮ ಹುಡುಗ ಲೇಸರಿನಾಗ ಭಾಳ ದೊಡ್ಡ ಮನಿಷಾ" ಎಂದು ಹೇಳುತ್ತಿದ್ದ.

ಕಾಲುವೆ ಬಂದಮೇಲೆ ನಮ್ಮ ಕಡೆ ಜೋಳದ ರೊಟ್ಟಿ ಹಿಂದೆ ಸರಿದು ಎರಡು ಹೊತ್ತೂ ಅನ್ನ ಬಂತು, ಆಲೆಮನೆಯ ಬೆಲ್ಲ ಬಂತು, ಮಾವನಿಗೆ ಸಕ್ಕರೆ ಕಾಯಿಲೆಯೂ ಬಂತು. ಅದು ಕಣ್ಣಿಗೆ ಇಳಿಯಿತು. ಹೊಸಪೇಟೆಯ ಕಣ್ಣಿನ ಡಾಕ್ಟರು, "ತಡ ಮಾಡಬ್ಯಾಡ್ರಿ, ಬೆಂಗಳೂರಿಗೆ ಹೋಗಿ ಲೇಸರ್ ಹಾಕಿಸ್ರಿ" ಎಂದರಂತೆ. "ಅಷ್ಟು ದೂರ ಯಾಕ್ರೀ? ಮನಿ ಹುಡುಗನ ಅದಾನ, ಬ್ಯಾಸಗಿ ರಜಾಕ್ಕ ಬರ್ತಾನ" ಎಂದು ಮಾವ ಮನೆಗೆ ಬಂದು ಕೂತ. ನನಗೊಂದು ಕಾಗದ ಕೂಡ ಹಾಕಲಿಲ್ಲ. ಹುಡುಗನ ಕೆಲಸ ಕೆಡಬಾರದಲ್ಲ!

ನಾನು ಬಂದ ದಿನ ಆತ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಂಗಳದ ಹೊರಸಿನ ಮೇಲೆ ಬೆಳಕಿಗೆ ಮುಖಮಾಡಿ ಕೂತಿದ್ದ. "ಹೂಂ, ಬಿಡಪಾ ಲೇಸರ್. ನಾ ಏನ್ ಹೆದರಂಗಿಲ್ಲ" ಎಂದ. ನನ್ನ ಚೀಲದಲ್ಲಿ ಇದ್ದದ್ದು ಪೆನ್ಸಿಲು ಮತ್ತು ರಬ್ಬರು. "ನಾ ಬರೇ ಲೆಕ್ಕ ಹಾಕಾಂವ ಮಾವ, ಆ ಮಿಷನ್ ಮುಟ್ಟಿಲ್ಲ" ಎಂದೆ. ಮಾವ ಅತ್ತೆಯ ಕಡೆ ತಿರುಗಿ, "ನೋಡು, ಎಷ್ಟು ಕಲಿತ್ರೂ ಸೊಕ್ಕಿಲ್ಲ" ಎಂದು ಮೆಚ್ಚಿಕೊಂಡ.

ಮರುದಿನವೇ ಬೆಂಗಳೂರಿಗೆ ಕರೆದೊಯ್ದೆ. ಎಡಗಣ್ಣು ಆಗಲೇ ಹೋಗಿತ್ತು, ಬಲಗಣ್ಣನ್ನು ಅಲ್ಲಿಯ ಡಾಕ್ಟರು ಉಳಿಸಿದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ನಾಚಿಕೆಯಿಲ್ಲದೆ ಕಣ್ಣೀರು ಹಾಕಿದೆ. ಆ ಸಂಕಟ ಇನ್ನೂ ಹೋಗಿಲ್ಲ. ಊರಿಗೆ ಮರಳಿದಾಗ ಮಂದಿ, "ಲೇಸರ್ ಹುಡುಗನ್ನ ಮನ್ಯಾಗ ಇಟ್ಕಂಡು ಕಣ್ಣು ಕಳ್ಕಂಡ್ರೆಲ್ರೀ" ಎಂದರು. ಯಂತ್ರ ಹಿಡಿದವರು ಯಾರೆಂದು ಮಾವನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ನನ್ನ ಕೈ ಅದುಮಿ, "ಎರಡೂ ಹೋಗ್ತಿದ್ವು. ಒಂದರ ಉಳೀತಂದ್ರ ನಮ್ಮ ಹುಡುಗನ ಲೇಸರಿನಿಂದ" ಎಂದುಬಿಟ್ಟ. ನನ್ನ ಮಾನ ಉಳಿಯಿತು.

ಮುಂದಿನ ಬೇಸಿಗೆಯಲ್ಲಿ ಹೋದರೆ, ನಮ್ಮ ಕಟ್ಟೆಯ ಮೇಲೆ ಮೂವರು ಮುದುಕರು ನನ್ನ ಲೇಸರಿಗೆಂದು ಕಣ್ಣು ಅಗಲಿಸಿಕೊಂಡು ಕೂತಿದ್ದರು. ನಾನು ಚೀಲವನ್ನೂ ಇಳಿಸಲಿಲ್ಲ. ಅವರನ್ನು ಹಾಗೇ ಎಬ್ಬಿಸಿಕೊಂಡು ಹೊಸಪೇಟೆಗೆ ಬಂದು ಬೆಂಗಳೂರಿನ ರೈಲು ಹತ್ತಿದೆ. ನನ್ನ ಸಂಶೋಧನೆಯಿಂದ ನಮ್ಮೂರಿಗೆ ಇದುವರೆಗೆ ಆಗಿರುವ ಉಪಯೋಗ ಅದೊಂದೇ.