ಎತ್ತಿನ ಬಲಕ್ಕೆ ಒಂದು ತಿದ್ದುಪಡಿ

ತಪ್ಪನ್ನು ಕಂಡು ತಿದ್ದಿಕೊಳ್ಳುವ ಬುದ್ಧಿಯೇ ಮನುಷ್ಯನನ್ನು ಪಶುಗಳಿಂದ ಬೇರೆ ಮಾಡಿದೆ. ಆದರೆ ಇದನ್ನು ಹೇಳುವ ಅಧಿಕಾರ ನನಗಿಲ್ಲ. ನನ್ನ ತಿದ್ದುಪಡಿಯಿಂದಾಗಿ ಎರಡು ತಾಲೂಕಿನ ಮರ್ಯಾದಸ್ಥರು ಎತ್ತುಗಳಾಗಿದ್ದಾರೆ!

ಮೂಡುಬಿದಿರೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಉದ್ಯೋಗವಾಗಿತ್ತು. ಮದುವೆ ಕಾಗದವೊಂದರಲ್ಲಿ ವರನ ಜಾಗದಲ್ಲಿ ವರನ ತಂದೆಯ ಹೆಸರು ಬಿದ್ದದ್ದನ್ನು ಸಕಾಲದಲ್ಲಿ ಹಿಡಿದು ಒಂದು ಮನೆತನವನ್ನು ಕಾಪಾಡಿದವನು ನಾನು. ನಿವೃತ್ತನಾದ ಮೇಲೆ ನಾನೇ ಒಂದು ಪುಸ್ತಕ ಬರೆದು ಅಚ್ಚು ಹಾಕಿಸಿದೆ. ಅದು ಕಥೆಯಲ್ಲ, ಆಟ. ಐದಾರು ಮಂದಿ ಮೇಜಿನ ಸುತ್ತ ಕೂರಬೇಕು. ಒಬ್ಬರು ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು. ಗೆದ್ದವರಾರು, ಸತ್ತವರಾರು ಎಂಬುದನ್ನು ದಾಳವೂ ಪುಸ್ತಕದ ನಿಯಮವೂ ಸೇರಿ ತೀರ್ಮಾನಿಸುತ್ತವೆ. ಆಟದ ಹೆಸರು ‘ಹೇರೆತ್ತಿನ ದಾರಿ’. ಹಳೆಯ ಕಾಲದ ವರ್ತಕರು ಬಂಟ್ವಾಳದಲ್ಲಿ ಎತ್ತಿನ ಬೆನ್ನಿಗೆ ಉಪ್ಪಿನ ಮೂಟೆ ಹೇರಿ, ಕಳ್ಳರನ್ನೂ ಹುಲಿಯನ್ನೂ ದಾಟಿ ಚಾರ್ಮಾಡಿ ಘಾಟಿ ಹತ್ತಬೇಕು.

“ಕರಡನ್ನು ಬೇರೆ ಯಾರಿಗಾದ್ರೂ ಒಮ್ಮೆ ತೋರಿಸಿ” ಎಂದಳು ಹೆಂಡತಿ ಸುಮತಿ.

“ನನ್ನ ಕರಡಿನಲ್ಲಿ ತಪ್ಪು ಹುಡುಕುವವ ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಲಿಲ್ಲ!” ಎಂದೆ.

ಹುಟ್ಟಿದ್ದರು. ಉಜಿರೆಯ ಒಂದು ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದರು. ಹೆಸರು ಪ್ರಮೀಳಾ.

“ಶೆಟ್ರೇ, ನಿಮ್ಮ ಆಟ ಭಾರೀ ಲಾಯ್ಕ ಉಂಟು” ಎಂದು ಅವರು ಫೋನಿನಲ್ಲಿ ಶುರುಮಾಡಿದರು. “ಆದ್ರೆ ನಮ್ಮಲ್ಲಿ ಯಾರೂ ಮನುಷ್ಯರಾಗ್ಲಿಕ್ಕೆ ಒಪ್ಪುವುದಿಲ್ಲ.”

“ಮತ್ತೆಂತ ಆಗ್ತಾರೆ?”

“ಎತ್ತು. ನಾನು ಕೂಡ ಎತ್ತೇ. ನಿನ್ನೆ ಎರಡು ಹುಲಿ ಕೊಂದೆ.”

ಪುಸ್ತಕ ತೆರೆದು ನೋಡಿದೆ. ಮನುಷ್ಯನ ಬಲ ೩. ಹುಲಿಯ ಬಲ ೬. ಎತ್ತಿನ ಬಲ ೨ ಎಂದಿರಬೇಕಾದಲ್ಲಿ ೯! ಬರೆದವನು ನಾನು, ಕರಡು ತಿದ್ದಿದವನೂ ನಾನು. ಬೈಯುವುದಕ್ಕೆ ಮೂರನೆಯವರು ಸಿಗಲಿಲ್ಲ.

ಸಮಯವೂ ಸೂಕ್ಷ್ಮವಾಗಿತ್ತು. ಫರಂಗಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಹಮೀದ್, ನಮಗೆಲ್ಲ ಹಮೀದಾಕ, ದುಬೈಯಲ್ಲಿರುವ ತಮ್ಮಂದಿರನ್ನು ನೋಡಲು ಹೊರಟಿದ್ದರು. ಭಾನುವಾರ ಮಡಂತ್ಯಾರಿನ ಮದುವೆ ಹಾಲಿನಲ್ಲಿ ಎಲ್ಲರೂ ಸೇರಿ ಆಡುವುದು, ಆಟ ಸರಿ ಬಂದರೆ ಮಿಕ್ಕ ಪ್ರತಿಗಳನ್ನೆಲ್ಲ ಅಲ್ಲಿಯ ನಮ್ಮೂರಿನವರಿಗೆ ಅವರೇ ಒಯ್ಯುವುದು ಎಂದು ನಿಶ್ಚಯವಾಗಿತ್ತು. ಸರಿ ಬಾರದಿದ್ದರೆ ಪುಸ್ತಕಗಳು ನಮ್ಮ ಮಂಚದ ಕೆಳಗೇ ಮುದಿಯಾಗಬೇಕು.

“ಅದಾಗ್ಲಿಕ್ಕಿಲ್ಲ” ಎಂದಳು ಸುಮತಿ. “ಮಂಚದ ಅಡಿ ನನಗೆ ಹಪ್ಪಳದ ಡಬ್ಬಿ ಇಡ್ಲಿಕ್ಕೆ ಬೇಕು.”

ಕೂಡಲೇ ಕಾರ್ಯಪ್ರವೃತ್ತನಾದೆ. ಹೊರಗೆ ಹೋದ ಪ್ರತಿಗಳನ್ನೆಲ್ಲ ದೋಷವಿದ್ದ ಕಾರುಗಳನ್ನು ಹಿಂದಕ್ಕೆ ಕರೆಸುವ ಕಂಪೆನಿಯವರ ಗಾಂಭೀರ್ಯದಿಂದ ವಾಪಸು ತರಿಸಿದೆ. ೨ ಎಂಬ ಅಂಕಿಯ ಚೀಟಿಗಳನ್ನು ಅಚ್ಚು ಹಾಕಿಸಿದೆ. ಆದರೆ ನಮ್ಮ ಊರಿನ ತೇವಕ್ಕೆ ಅಂಗಡಿಯ ಗೋಂದು ನಿಲ್ಲುವುದಿಲ್ಲ. ಅಂಗಳದಲ್ಲಿ ಸುಮತಿ ಹಪ್ಪಳಕ್ಕೆ ಹಲಸಿನಕಾಯಿ ಕೊಯ್ಯುತ್ತಿದ್ದಳು. ಕಾಯಿಯಿಂದ ಬೆಳ್ಳಗೆ ಮೇಣ ಒಸರುತ್ತಿತ್ತು. ಹಲಸಿನ ಮೇಣ! ಅಜ್ಜ ತೂತಾದ ಕೊಡಪಾನಕ್ಕೆ ಹಚ್ಚುತ್ತಿದ್ದದ್ದು ಅದನ್ನೇ. ಕೊಡಪಾನ ಹೋಯಿತು, ಅಜ್ಜ ಹೋದರು, ಮೇಣ ಹೋಗಲಿಲ್ಲ.

“ಅದು ಮತ್ತೆ ಬಿಡುವುದಿಲ್ಲ ಮಾರಾಯ್ರೆ” ಎಂದಳು ಸುಮತಿ.

“ತಿದ್ದುಪಡಿ ಎಂದರೆ ಶಾಶ್ವತವಾಗಿರಬೇಕು” ಎಂದೆ.

ಪುಸ್ತಕಗಳಿಗೆ ಅಂಟಿಸಿದೆ. ಪಂಚೆಗೆ ಅಂಟಿತು. ಕನ್ನಡಕಕ್ಕೆ ಅಂಟಿತು. ಒಂದು ಚೀಟಿ ಮೀಸೆಗೆ ಅಂಟಿ, ಎರಡು ದಿನ ನನ್ನ ಬಲವೂ ಎರಡೇ ಆಗಿತ್ತು. ಆದರೂ ತಿದ್ದಿದ ಪ್ರತಿಗಳು ಶುಕ್ರವಾರವೇ ಒಡೆಯರನ್ನು ಸೇರಿದವು.

ಶನಿವಾರ ಹಮೀದಾಕನ ಫೋನು. “ಶೆಟ್ರೇ, ಎತ್ತು ಬಂಟ್ವಾಳದಿಂದ ಹೊರಡ್ತಾ ಇಲ್ಲ.”

“ಯಾಕೆ?”

“ಒಂದು ಮೂಟೆ ಉಪ್ಪು ಹೊರ್ಲಿಕ್ಕೆ ನಾಲ್ಕು ಬಲ ಬೇಕು ಅಂತ ನೀವೇ ಬರೆದದ್ದಲ್ವಾ? ಎತ್ತಿನ ಹತ್ರ ಎರಡೇ ಉಂಟು. ನಾವು ಬೆಳಗ್ಗಿನಿಂದ ಪೇಟೆಯಲ್ಲೇ ಕೂತಿದ್ದೇವೆ. ಸೋಡಾ ಶರ್ಬತ್ ಕುಡಿಯುವುದು ಬಿಟ್ಟು ಆಟದಲ್ಲಿ ಬೇರೆ ಕೆಲಸ ಇಲ್ಲ.”

ಆಗ ಬೆಳಕಾಯಿತು. ಎತ್ತಿಗೆ ಎರಡು ಬಲ ಸಾಕು ಎಂದು ನಾನು ಮೊದಲು ಎಣಿಸಿದ್ದೇ ತಪ್ಪು. ಆ ತಪ್ಪನ್ನು ಅಚ್ಚಿನ ತಪ್ಪು ಇಷ್ಟು ದಿನ ಮುಚ್ಚಿ ಮಾನ ಉಳಿಸಿತ್ತು. ನಾನು ಹೋಗಿ ಅದನ್ನು ತಿದ್ದಿದ್ದೆ!

ಭಾನುವಾರ ಮಡಂತ್ಯಾರಿನಲ್ಲಿ ಎಲ್ಲರ ಎದುರು ನಿಂತು ಗಂಟಲು ಸರಿಮಾಡಿಕೊಂಡೆ. “ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಲಾಗಿದೆ. ದಯವಿಟ್ಟು ಚೀಟಿಗಳನ್ನು ಕೀಳತಕ್ಕದ್ದು.”

ಹಮೀದಾಕ ಎಳೆದರು. ಚೀಟಿ ಬರಲಿಲ್ಲ. ಪ್ರಮೀಳಾ ಉಗುರು ಹಾಕಿದರು. ಉಗುರು ಬಂತು.

“ಮೇಣಕ್ಕೆ ತೆಂಗಿನೆಣ್ಣೆ ಆಗ್ಬೇಕು” ಎಂದಳು ಸುಮತಿ, ಹಿಂದಿನ ಸಾಲಿನಿಂದ. “ಕೈಗೆ ಹೇಳಿದ್ದು. ಪುಸ್ತಕಕ್ಕಲ್ಲ.”

ಕೊನೆಯ ಮಾತು ನನ್ನ ಕಿವಿಗೆ ಬೀಳುವಷ್ಟರಲ್ಲಿ ನಾನು ಹಾಲಿನ ಅಡುಗೆಕೋಣೆಯಿಂದ ಎಣ್ಣೆ ತಂದು ಪ್ರತಿಯೊಂದು ಪುಸ್ತಕಕ್ಕೂ ಸವರಿಯಾಗಿತ್ತು. ಮೇಣ ಅಲುಗಲಿಲ್ಲ. ಎಣ್ಣೆ ಕುಡಿದ ಕಾಗದ ಮಾತ್ರ ಗಾಜಿನಂತಾಯಿತು. ಚೀಟಿಯ ಎಡತುದಿಯಲ್ಲಿ ೨. ಚೀಟಿಯ ಒಳಗಿಂದ, ಅದರ ಬಲಕ್ಕೆ, ೯ ಸ್ಪಷ್ಟವಾಗಿ ಎದ್ದು ಬಂತು.

“ಎತ್ತಿನ ಬಲ ಇಪ್ಪತ್ತೊಂಬತ್ತು!” ಎಂದು ಓದಿದರು ಹಮೀದಾಕ.

ಹಾಲಿನಲ್ಲಿ ಚಪ್ಪಾಳೆ.

ಆ ಮೇಲೆ ಮನುಷ್ಯರಾಗಲು ಯಾರು ಬರುತ್ತಾರೆ? ಬಟ್ಟೆ ವ್ಯಾಪಾರಿ ಎತ್ತು, ವಾರ್ಡನ್ ಎತ್ತು, ಚಾ ತಂದ ಮದುವೆ ಹಾಲಿನ ಮೇನೇಜರೂ ಎತ್ತು. ಮೂಟೆ ಹೇರಲು ವರ್ತಕನೊಬ್ಬ ಬೇಕಲ್ಲ? ಆ ಪಾತ್ರ ನನ್ನ ಪಾಲಿಗೆ ಬಂತು. ಕಥೆ ನಡೆಸಲು ಸುಮತಿ ಕೂತಳು.

ಎತ್ತುಗಳು ಗಾಳಿಯಂತೆ ನಡೆದವು. ಚಾರ್ಮಾಡಿಯ ಮೊದಲ ತಿರುವಿನಲ್ಲಿ ಸುಮತಿ ಶಾಂತವಾಗಿ ಹೇಳಿದಳು: “ಹುಲಿ ಬಂತು. ವರ್ತಕರ ಎದುರೇ ನಿಂತಿದೆ.”

ನಾನು ನನ್ನ ಎತ್ತುಗಳ ಕಡೆ ತಿರುಗಿದೆ. “ಈಗ ನೀವೆಲ್ಲ ಎಂತ ಮಾಡ್ತೀರಿ?”

“ಮೇಯ್ತೇವೆ” ಎಂದರು ಪ್ರಮೀಳಾ.

“ಹಮೀದಾಕ, ನೀವಾದ್ರೂ!”

“ಎತ್ತಿಗೆ ಮಾತು ಬರುವುದಿಲ್ಲ ಶೆಟ್ರೇ” ಎಂದಿತು ಆ ಎತ್ತು.

ಹುಲಿಯ ಪರವಾಗಿ ಸುಮತಿ ದಾಳ ಎಸೆದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಕೈ ಅಷ್ಟು ಚುರುಕಾದದ್ದನ್ನು ನಾನು ನೋಡಿರಲಿಲ್ಲ. ಹುಲಿ ನನ್ನನ್ನು ತಿಂದಿತು. ಎತ್ತುಗಳು ಘಾಟಿ ಹತ್ತಿದವು.

ಹೊರಡುವಾಗ ಹಮೀದಾಕ ಪುಸ್ತಕವನ್ನು ಮೂಗಿಗೆ ಹಿಡಿದು ನೋಡಿದರು. “ಮಿಕ್ಕದ್ದನ್ನೆಲ್ಲ ನಾನು ಕೊಂಡುಹೋಗ್ತೇನೆ. ಆದ್ರೆ ಎಣ್ಣೆ ಹಾಕಿದ್ದೇ ಆಗ್ಬೇಕು. ಊರಿನ ಪರಿಮಳ ಉಂಟು ಇದರಲ್ಲಿ.”

ಹೀಗೆ, ಬದುಕಿಡೀ ತಪ್ಪು ತೆಗೆದ ನಾನು, ಮಂಚದ ಕೆಳಗಿನ ಪ್ರತಿಗಳನ್ನೆಲ್ಲ ಹೊರಗೆ ತೆಗೆದು, ಒಂದೊಂದಕ್ಕೂ ತಪ್ಪು ಚೀಟಿಯನ್ನು ಕೈಯಾರೆ ಅಂಟಿಸಿ ಎಣ್ಣೆ ಸವರಿದೆ. ಹಮೀದಾಕ ಒಯ್ದರು.

ಮಂಚದ ಕೆಳಗೆ ಈಗ ಹಪ್ಪಳದ ಡಬ್ಬಿಗಳಿವೆ.