ಹಸಿ ಬಣ್ಣ ಮುಟ್ಟಿದವರು

ನಮ್ಮ ಗ್ಯಾರೇಜಿನಾಗ ಒಂದು ವಾರ ಸುಮ್ಮನ ಕಳೀತು ಅಂದ್ರ, ಆ ವಾರ ನಾನು ಜ್ವರ ಬಂದು ಮನ್ಯಾಗ ಮಲಗಿದ್ದೆ ಅಂತ ತಿಳ್ಕೋಬೇಕು. ಉಳಿದ ದಿನ ಏನರೆ ಒಂದು ಆಗೇ ಆಗ್ತದ. ಅರ್ಧ ನಾನು ಮಾಡ್ತೀನಿ, ಇನ್ನರ್ಧ ತಾನೇ ಆಗ್ತದ. ಬೈಗುಳ ಮಾತ್ರ ಪೂರಾ ನನಗೇ ಬೀಳ್ತಾವ.

ಗ್ಯಾರೇಜ್ ಇರೋದು ವಾಡಿ ಸ್ಟೇಷನ್ ಹಿಂದ. ಹಳೇ ಕಾರು, ಹಳೇ ಮೋಟರ್‌ಸೈಕಲ್ ಬಿಚ್ಚಿ, ತುಕ್ಕು ಕೆರೆದು, ತಗ್ಗು ಬಡಿದು ಸಮ ಮಾಡಿ, ಹೊಸಾ ಬಣ್ಣ ಹೊಡೆದು ಕೊಡ್ತೀವಿ. ನಾವು ಅಂದ್ರ ನಮ್ಮ ಉಸ್ತಾದ್ ಮತ್ತ ನಾನು. ಉಸ್ತಾದರದು ನಲವತ್ತು ವರ್ಷ ಪಳಗಿದ ಕೈ. ನಂದು ಒಂದೂವರೆ ವರ್ಷದ ಕೈ, ಅದೂ ಎಡಗೈ. ನಾನು ಹುಟ್ಟಾ ಎಡಚ.

ಹತ್ತನೇ ಕ್ಲಾಸಿನಾಗ ಗಣಿತ, ಇಂಗ್ಲಿಷ್ ಎರಡರಾಗೂ ಬಿದ್ದಮ್ಯಾಲೆ ನಮ್ಮಪ್ಪ ನನ್ನ ಇಲ್ಲಿ ತಂದು ಬಿಟ್ಟ. ಅಪ್ಪ ಶಹಾಬಾದಿನಾಗ ಕಲ್ಲು ಪಾಲಿಶ್ ಮಾಡ್ತಾನ. ನನ್ನ ಜೋಡಿ ಒಂದು ಗಾಡಿ ನುಣ್ಣನೆ ಕಲ್ಲೂ ತಂದು ಗ್ಯಾರೇಜಿನ ನೆಲಕ್ಕ ಹಾಸಿ ಕೊಟ್ಟ. "ಮಗ ಎಷ್ಟು ದಿನ ಬಾಳಿಕಿ ಬರ್ತಾನೋ ಗೊತ್ತಿಲ್ರಿ ಉಸ್ತಾದ್, ಕಲ್ಲರೆ ಬರ್ತಾವ" ಅಂದ.

ನನ್ನ ಕಿತಾಪತಿಗೆ ಬ್ಯಾಸತ್ತು ಕಡೀಕ ಉಸ್ತಾದರು ಒಂದು ಕಾಯ್ದೆ ಹೇಳಿದ್ರು. ಬಣ್ಣ ಚಿಮ್ಮೋ ಗನ್ ಹೊಡೆದು ಪರೀಕ್ಷಾ ಮಾಡೋ ಗೋಡಿ ಒಂದು ಅದ. "ಬೇಟಾ, ಒಂದು ಕಿತಾಪತಿಗೆ ಇಲ್ಲಿ ಒಂದು ಕೆಂಪು ಗೆರಿ. ಮೂರು ಗೆರಿ ಆದ್ವು ಅಂದ್ರ ಗ್ಯಾರೇಜಿನಾಗ ನಿಲ್ಲಂಗಿಲ್ಲ. ಚೀಲ ಎತ್ಕೊಂಡು ಸೀದಾ ಶಹಾಬಾದ್."

ಶಹಾಬಾದಿಗೆ ಹೋಗಿ ಕಲ್ಲು ತಿಕ್ಕಲಿಕ್ಕೆ ನನಗ ಮನಸ್ಸಿದ್ದಿಲ್ಲ. ಕಲ್ಲಿಗಿ ಇರೋದು ಒಂದೇ ಬಣ್ಣ. ನನಗ ಬೇಕಾಗಿದ್ದು ಒಂದೇ ಒಂದು: ಗನ್ ಹಿಡಿದು ಒಂದು ಪೂರಾ ಕಾರಿಗಿ ಬಣ್ಣ ಹೊಡೀಬೇಕು. ಅದಕ್ಕೂ ಉಸ್ತಾದರು ಮಾತು ಕೊಟ್ಟಿದ್ರು. "ವಕೀಲರ ಅಂಬಾಸಿಡರ್ ಬಂದದಲ್ಲ, ಅದರ ಕಡೀ ಕೋಟ್ ನೀನೇ ಹೊಡಿ. ಅಷ್ಟೊತ್ತಿನತನಾ ನೀನು ಇಲ್ಲಿ ಇದ್ರ."

೧. ಮದುವಿ ಬಣ್ಣ

ಆ ಅಂಬಾಸಿಡರ್ ಚಿತ್ತಾಪುರದ ಒಬ್ಬ ವಕೀಲ ಅಜ್ಜಂದು. ಅಜ್ಜ ಕೋರ್ಟು ಬಿಟ್ಟು ಭಾಳ ವರ್ಷ ಆಗ್ಯಾವ, ಆದ್ರ ಕೋರ್ಟು ಅಜ್ಜನ್ನ ಬಿಟ್ಟಿಲ್ಲ. ಚಾ ಬೇಕೇನ್ರಿ ಅಂತ ಕೇಳಿದ್ರೂ "ಯಾವ ಆಧಾರದ ಮ್ಯಾಲೆ ಕೇಳ್ತಿ?" ಅಂತಾರ. ಸಂಗಡ ಅವರ ಹೆಂಡತಿ ಆಯಿ.

"ನಮ್ಮ ಲಗ್ನದಾಗ ಇದು ಯಾವ ಬಣ್ಣ ಇತ್ತೋ ಅದೇ ಬಣ್ಣ ಆಗಬೇಕು" ಅಂದ್ರು ಅಜ್ಜ.

"ಯಾವ ಬಣ್ಣ ಇತ್ರೀ?" ಅಂದ್ರು ಉಸ್ತಾದ್.

"ಬೆಳ್ಳಗ, ಹಾಲಿನಂಗ."

"ಹಾಲಲ್ಲ, ಕೆನಿ" ಅಂದ್ರು ಆಯಿ.

"ಹಾಲು."

"ಕೆನಿ. ನಾನು ಅದರಾಗ ಕುಂತು ನಿಮ್ಮ ಮನಿಗಿ ಬಂದಾಕಿ. ನೀವು ದಾರಿ ತುಂಬಾ ನನ್ನ ಮಾರಿ ನೋಡ್ಲಿಕತ್ತಿದ್ರಿ, ನಾನು ಬಾನೆಟ್ ನೋಡ್ಲಿಕತ್ತಿದ್ದೆ."

ಉಸ್ತಾದರು ಬಾಗಿಲಿನ ಒಂದು ಮೂಲಿ ಪಾಲಿಶ್ ಪೇಪರಿನಿಂದ ತಿಕ್ಕಿದ್ರು. ಮ್ಯಾಲೆ ನೀಲಿ ಬಂತು, ನೀಲಿ ಕೆಳಗ ಹಸಿರು, ಹಸಿರಿನ ಕೆಳಗ ಬೂದಿ, ಅದರ ಕೆಳಗ ಮತ್ತ ನೀಲಿ, ಆಮ್ಯಾಲೆ ಬರೀ ತಗಡು. ಉಳ್ಳಾಗಡ್ಡಿ ಸುಲಿದಂಗ ಆಯ್ತು. ಇಬ್ಬರ ಜಗಳ ಮಾತ್ರ ಬಗೀಹರೀಲಿಲ್ಲ. ಕಡೀಕ ಅಜ್ಜ ಅಂದ್ರು, "ಸಾಕ್ಷಿ ಅದ. ಲಗ್ನದ ಫೋಟೋದಾಗ ಕಾರು ಅದ. ನಾಳಿ ತರ್ತೀನಿ."

ಮರುದಿನ ಫೋಟೋ ತಂದ್ರು. ರೇಷ್ಮಿ ಬಟ್ಟ್ಯಾಗ ಸುತ್ತಿ, ಹುಷಾರಾಗಿ ಬಿಚ್ಚಿ, ಉಸ್ತಾದರ ಕೈಗಿ ಕೊಟ್ರು. ಉಸ್ತಾದರು ನೋಡಿದ್ರು, ತಿರುವಿ ಹಿಂದಿನ ಬದಿನೂ ನೋಡಿದ್ರು. ನಾನು ಬಗ್ಗಿ ನೋಡಿದೆ. ಫೋಟೋ ಕಪ್ಪು-ಬಿಳುಪು.

ನಾನು ಸುಮ್ಮನಿರಬೇಕಾಗಿತ್ತು. ಇರಲಿಲ್ಲ. "ಅಜ್ಜಾರ, ಕಾರಿಗಿ ಕಪ್ಪು-ಬಿಳಿನೇ ಹೊಡ್ಯೋಣ್ರಿ. ನೀವೂ ಆಯಿನೂ ಮಾರಿಗಿ ಒಂದೀಟು ಬೂದಿ ಬಣ್ಣ ಬಳ್ಕೊಂಡು ಕುಂತ್ರ ಫೋಟೋಕ್ಕ ಪೂರಾ ಹೊಂದತದ" ಅಂದೆ.

ಉಸ್ತಾದರು ಬ್ರಶ್ ತಗೊಂಡು ಗೋಡಿಗಿ ಹೋಗಿ ಮೊದಲನೇ ಗೆರಿ ಎಳೆದು ಬಂದ್ರು. ಆಮ್ಯಾಲೆ ಬಾಗಿಲಿನ ರಬ್ಬರ್ ಕಿತ್ತು ನೋಡಿದ್ರು. ಅಲ್ಲಿ ಯಾರ ಬ್ರಶ್ಶೂ ಹೋಗಿದ್ದಿಲ್ಲ. ಮೊದಲನೇ ಬಣ್ಣ ಹಂಗೇ ಕುಂತಿತ್ತು, ಕೆನಿ ಬಣ್ಣ. ಆಯಿ ಸೆರಗು ಸರಿ ಮಾಡ್ಕೊಂಡ್ರು.

ಅಜ್ಜ ಮಾತ್ರ ಹೋಗೋ ಮುಂದ ನನ್ನ ಬಾಜೂಕ ಕರೆದು ಸಣ್ಣ ದನ್ಯಾಗ ಕೇಳಿದ್ರು, "ತಮ್ಮಾ, ಆ ಕಪ್ಪು-ಬಿಳಿ ಅಂದ್ಯಲ್ಲ, ಅದಕ್ಕ ಎಷ್ಟು ದಿನ ಹಿಡೀತದ?"

೨. ಬೆಂಕಿ ಟ್ಯಾಂಕಿ

ಚಿಂಚೋಳಿ ಕಡಿಂದ ಒಬ್ಬ ಹುಡುಗ ಅವರ ಮಾವನ ಹಳೇ ಬುಲೆಟ್ ತಂದ. ಟ್ಯಾಂಕಿ ಮ್ಯಾಲೆ ಬೆಂಕಿ ಉರಿ ಬರೀರಿ ಅಂದ. ಬೆಂಕಿ ಬರೆಯೋದು ನನ್ನ ಎಡಗೈಗಿ ಭಾಳ ಚಲೋ ಬರ್ತದ. ಮೂರು ದಿನ ಕುಂತು ಕೆಂಪು, ಕೇಸರಿ, ಹಳದಿ ಉರಿ ಬರ್ದೆ. ಹುಡುಗ ಹಾರಿಕೋತ ಮನಿಗಿ ಒಯ್ದ.

ಸಂಜೀಕ ಅವರವ್ವನ ಸಂಗಡ ತಿರುಗಿ ಬಂದ. "ಪೆಟ್ರೋಲ್ ತುಂಬಿದ ಗಾಡಿಗಿ ಬೆಂಕಿ ಹಚ್ಚಿ ನನ್ನ ಮಗನ್ನ ಕುಂಡ್ರಿಸೀದಿ ಅಲ್ಲೋ, ನಿನಗ ಅವ್ವ ಇಲ್ಲೇನು?" ಅಂತ ನನಗ ಕೇಳಿದ್ರು. ಟ್ಯಾಂಕಿ ಪೂರಾ ತೊಯ್ದಿತ್ತು. ಬರೋ ಮುಂದ ಒಂದು ಕೊಡ ನೀರು ಸುರಿದೇ ತಂದಿದ್ರು.

ಪೂರಾ ಕೆರೆದು ಮತ್ತ ಮಾಡಬೇಕಂದ್ರ ಮತ್ತ ನಾಲ್ಕು ದಿನ. ನಾನು ವಿಚಾರ ಮಾಡಿ ಅದೇ ಉರಿ ಮ್ಯಾಲೆ ಹಸಿರು ಹೊಡೆದೆ. ಉದ್ದ ಉದ್ದ ಬಾಗಿದ ನಾಲಿಗಿ ಎಲ್ಲಾ ಜೋಳದ ಗರಿ ಆದ್ವು. ತುದೀಗಿ ನಾಲ್ಕು ಬೆಳ್ಳನೆ ತೆನಿ ಇಟ್ಟೆ. ಅವ್ವ ಸುತ್ತ ತಿರುಗಿ ನೋಡಿದ್ರು. "ಈಗ ಬೆಳಿ ಚಲೋ ಬಂದದ" ಅಂದ್ರು. ಉಸ್ತಾದರು ಎತ್ತಿದ ಬ್ರಶ್ ಕೆಳಗ ಇಟ್ರು.

ಹುಡುಗ ಮೊನ್ನಿ ಸಿಕ್ಕಿದ್ದ. ಗಾಡಿ ಭಾರಿ ಓಡ್ತದಂತ. ಆದ್ರ ಸಂತ್ಯಾಗ ನಿಲ್ಲಿಸೋ ಹಂಗಿಲ್ಲಂತ, ಆಡು ಬಂದು ಟ್ಯಾಂಕಿ ನೆಕ್ಕತಾವಂತ.

೩. ಬೋರ್ಡ್ ಓದಿದ ಮಾಸ್ತರ್ರು

ವಾಡಿಯಾಗ ಬಣ್ಣ ಹೊಡೆಯೋರಿಗಿ ಎರಡು ವೈರಿ. ಒಂದು ಧೂಳು. ಅದಕ್ಕ ನಾವು ಸುತ್ತ ತೊಯ್ಸಿದ ಗೋಣಿ ಕಟ್ತೀವಿ, ನೆಲಕ್ಕ ನೀರು ಹೊಡೀತೀವಿ, ಲಾರಿ ಓಡಾಟ ಶುರು ಆಗೋಕಿಂತ ಮೊದಲೇ ನಸುಕಿನಾಗ ಕೋಟ್ ಮುಗಿಸ್ತೀವಿ. ಎರಡನೇ ವೈರಿ ಮನುಷ್ಯಾನ ಬೆರಳು. ಅದಕ್ಕ ಮದ್ದಿಲ್ಲ. ಹಸಿ ಬಣ್ಣ ಕಂಡ್ರ ಯಾರಿಗೇ ಆಗಲಿ ಮುಟ್ಟಬೇಕು ಅನ್ನಸ್ತದ.

ಉಸ್ತಾದರು ತಮ್ಮ ಕೈಲೇ ಒಂದು ಬೋರ್ಡ್ ಬರೆದು ತೂಗುಬಿಟ್ಟಿದ್ರು: "ಹಸಿ ಬಣ್ಣ. ಮುಟ್ಟಬ್ಯಾಡ್ರಿ." ಸೇಡಂನ ಒಬ್ಬ ಮಾಸ್ತರ್ರು ತಮ್ಮ ಹಳೇ ಸ್ಕೂಟರ್ ನೋಡ್ಲಿಕ್ಕೆ ಬಂದ್ರು. ಚಸ್ಮಾ ಹಾಕ್ಕೊಂಡ್ರು. ಸಾಲ್ಯಾಗ ಓದಿದಂಗ ಬೋರ್ಡ್ ಜೋರಾಗಿ ಓದಿದ್ರು. ಆಮ್ಯಾಲೆ ಸ್ಕೂಟರಿನ ಮ್ಯಾಲೆ ಬೆರಳು ಒತ್ತಿ ನೋಡಿ, "ಹೌದು, ಹಸಿ ಅದ" ಅಂದ್ರು.

ಆ ದಿನ ನನಗ ಒಂದು ಐಡಿಯಾ ಬಂತು. ಹಳೇ ಕಬ್ಬಿಣದ ಮೋಡಕಾದಾಗ ಬಿದ್ದಿದ್ದ ಒಂದು ಟ್ಯಾಂಕಿ ತಂದು ಬಾಗಿಲದಾಗ ಸ್ಟೂಲ್ ಮ್ಯಾಲೆ ಇಟ್ಟೆ. ದಿನಾ ಮುಂಜಾನಿ ಅದಕ್ಕ ಕೆಂಪು ಬಣ್ಣ ಬಳಿಯೋದು, ಬೋರ್ಡ್ ಅದರ ಮ್ಯಾಲೆ ತೂಗು ಹಾಕೋದು. ಬಂದೋರೆಲ್ಲಾ ಅದನ್ನೇ ಮುಟ್ಟಿ ಸಮಾಧಾನ ಆಗಿ ಹೋಗ್ಲಿಕತ್ರು. ಒಳಗಿನ ಗಾಡಿಗೋಳು ಉಳಿದ್ವು. ಉಸ್ತಾದರು, "ಮೊದಲನೇ ಸಲ ತಲಿ ಓಡಿಸೀದಿ" ಅಂದ್ರು.

ಎದುರಿನ ಚಾ ಹೋಟೆಲಿನಾಗ ಕುಂತೋರದೆಲ್ಲಾ ಒಂದೊಂದು ಬೆರಳು ಕೆಂಪು. ಯಾರೂ ಯಾರಿಗೂ ಹೇಳಂಗಿಲ್ಲ, ಬೆರಳು ಮಡಚಿ ಕಪ್ ಹಿಡೀತಾರ. ಹೋಟೆಲ್ ಕಾಕಾ ಒಂದಿನ ತಡೀಲಾರದೆ ಕೇಳಿದ, "ಯಾವ ಎಲೆಕ್ಷನ್ ನಡದದ್ರೋ ಇದು, ನನಗ್ಯಾಕ ಚೀಟಿ ಬಂದಿಲ್ಲ?"

ಎಲ್ಲಾ ಚಲೋ ನಡೆದಿತ್ತು. ಆದ್ರ ಉಸ್ತಾದರ ಮಗಳನ್ನ ಕೇಳಿದ್ದ ಹುಡುಗನ ತಂದಿ ಒಂದಿನ ಹೇಳದ-ಕೇಳದ ಬಂದುಬಿಟ್ರು. ಬೆಳ್ಳನೆ ಕುರ್ತಾ, ಬೆಳ್ಳನೆ ದಾಡಿ. ಬಾಗಿಲದಾಗ ನಿಂತು ಬೋರ್ಡ್ ಓದಿದ್ರು, ಮೂರು ಬೆರಳು ಹಚ್ಚಿ ನೋಡಿದ್ರು, ಆಮ್ಯಾಲೆ ಕುರ್ಚಿ ಮ್ಯಾಲೆ ಕುಂತು ಲಗ್ನದ ಮಾತು ಆಡಿಕೋತ ಅದೇ ಬೆರಳಿನಿಂದ ದಾಡಿ ಸವರಲಿಕತ್ರು. ಉಸ್ತಾದರು ಹೂಂ ಹೂಂ ಅನಕೋತ ಛತ್ತ ನೋಡ್ಲಿಕತ್ರು. ನಾನು ಗೋಣಿ ಹಿಂದ ಬಾಯಾಗ ಬಟ್ಟಿ ತುರುಕಿಕೊಂಡು ಕುಂತಿದ್ದೆ.

ಅವರು ಹೋದಮ್ಯಾಲೆ ಎರಡನೇ ಗೆರಿ ಬಿತ್ತು. ಸಂಜೀಕ ಅವರ ಮನಿಂದ ಫೋನ್ ಬಂತು. ಸಂಬಂಧ ಪಕ್ಕಾ ಅಂತ. ಬೀಗತಿಗಿ ಗಂಡನ ದಾಡಿಗಿ ಹಚ್ಚಿದ ಮೆಹಂದಿ ಭಾಳ ಹಿಡಿಸ್ಯಾದಂತ, ಎಲ್ಲಿ ಹಚ್ಚಿದ್ರು ಅಂತ ಕೇಳ್ಯಾರಂತ.

ಲಗ್ನ ಕೂಡಿತು. ಗೆರಿ ಮಾತ್ರ ಅಳಿಸಲಿಲ್ಲ.

೪. ಆರು ಬೆರಳಿನ ಕೈ

ಎರಡು ಗೆರಿ ಬಿದ್ದಮ್ಯಾಲೆ ನಾನು ದೇವರಾಣಿ ಸುಮ್ಮನಾದೆ. ಅಂಬಾಸಿಡರ್ ತಯಾರಾಗಲಿಕತ್ತಿತ್ತು. ಒಂದು ಶುಕ್ರವಾರ ನಸುಕಿನಾಗ ಉಸ್ತಾದರು ಗನ್ ನನ್ನ ಎಡಗೈಗಿ ಕೊಟ್ರು. "ಉಸಿರು ಹಿಡಿದು ಹೊಡಿ" ಅಂದ್ರು. ಮೂತಿಯಿಂದ ಡಿಕ್ಕಿ ತನಕ ಹೊಡೆದೆ. ಕಾರು ಕೆನಿಯಾಗ ಮುಳುಗಿ ಎದ್ದು ಬಂದಂಗ ಕಾಣ್ತಿತ್ತು. ಉಸ್ತಾದರು ಸುತ್ತ ತಿರುಗಿ ನೋಡಿ, ನನ್ನ ತಲಿ ಮ್ಯಾಲೆ ಒಂದು ಸಣ್ಣ ಏಟು ಕೊಟ್ರು. ಅದು ಶಾಭಾಸಗಿರಿ.

ಮಧ್ಯಾಹ್ನ ಅವರು ನಮಾಜಿಗಿ ಹೊಂಟ್ರು. "ಹಳೇ ನಮೂನಿ ಬಣ್ಣ, ನಾಳಿತನಾ ಒಣಗಂಗಿಲ್ಲ. ವಕೀಲರಿಗಿ ನಾಳಿ ಬರ್ರಿ ಅಂದೀನಿ. ನೀನು ಹತ್ರ ಹೋಗಬ್ಯಾಡ."

ನಾನು ಹತ್ರ ಹೋಗಲಿಲ್ಲ. ಒಂದು ನೊಣ ಹೋಯ್ತು. ಬಾನೆಟ್ಟಿನ ಮ್ಯಾಲೆ ಗಿರಕಿ ಹೊಡೀಲಿಕತ್ತಿತ್ತು, ಕುಂತ್ರ ಅಂಟಿಕೋತದ. ಓಡ್ಸಲಿಕ್ಕೆ ಎರಡು ಹೆಜ್ಜಿ ಮುಂದ ಇಟ್ಟೆ. ನೆಲ ತೊಯ್ದಿತ್ತು, ಕಲ್ಲು ನಮ್ಮಪ್ಪ ಪಾಲಿಶ್ ಮಾಡಿದ ಕಲ್ಲು. ಜಾರಿದೆ. ಎಡಗೈ ಪೂರಾ, ಐದೂ ಬೆರಳು, ಬಾನೆಟ್ಟಿನ ನಡುಮಧ್ಯ ಮೂಡಿದ್ವು.

ನಾನು ಅದನ್ನ ನೋಡಿಕೋತ ನಿಂತಾಗೇ ಬಾಗಿಲದಾಗ ಆಟೋ ಬಂದು ನಿಂತು, ಅಜ್ಜ ಮತ್ತ ಆಯಿ ಇಳಿದ್ರು. ಆಯಿ ಕೈಯಾಗ ತೆಂಗಿನಕಾಯಿ, ಅರಿಷಿಣ, ಕುಂಕುಮದ ತಟ್ಟಿ. "ನಾಳಿ ಶನಿವಾರ ಅಲ್ಲೋ ತಮ್ಮಾ, ಶನಿವಾರ ಕಬ್ಬಿಣ ಮನಿಗಿ ತರಬಾರದು. ಇವತ್ತೇ ಪೂಜಿ ಮಾಡಿ ಒಯ್ತೀವಿ."

ಒಣಗಿಲ್ಲ ಅಂತ ನಾನು ಹೇಳಬೇಕಾಗಿತ್ತು. ಆದ್ರ ಅರಿಷಿಣ ನೋಡಿದ ಕೂಡ್ಲೇ ತಲ್ಯಾಗ ಮತ್ತೊಂದು ಬಂತು. "ಆಯಿ, ಪೂಜಿಗಿ ಬಾನೆಟ್ ಮ್ಯಾಲೆ ಅರಿಷಿಣದ ಕೈ ಹಚ್ಚತಾರಲ್ರಿ, ಇಲ್ಲೇ ಹಚ್ರಿ, ಹಾ, ಇಲ್ಲೇ" ಅಂತ ನನ್ನ ಗುರುತಿನ ಮ್ಯಾಲೇ ತೋರಿಸಿದೆ. ಆಯಿ ಭಕ್ತಿಯಿಂದ ಕೈ ಒತ್ತಿದ್ರು.

ಆಯಿ ಒತ್ತಿದ್ದು ಬಲಗೈ.

ನಾಲ್ಕು ಬೆರಳು ನಾಲ್ಕರ ಮ್ಯಾಲೆ ಸರಿ ಕುಂತ್ವು. ಹೆಬ್ಬೆರಳು ಮಾತ್ರ ಆ ಕಡಿ ಒಂದು, ಈ ಕಡಿ ಒಂದು. ಅಜ್ಜ ಬಗ್ಗಿ ಎಣಿಸಿದ್ರು. ಆಯಿ ಕೈ ಹಿಡಿದು ಎಣಿಸಿದ್ರು. ಮತ್ತ ಬಾನೆಟ್ ಎಣಿಸಿದ್ರು. "ಇಷ್ಟು ವರ್ಷ ಸಂಸಾರ ಮಾಡೀನಿ, ಇದೊಂದು ನನ್ನ ಗಮನಕ್ಕ ಬಂದಿಲ್ಲ" ಅಂದ್ರು.

ಅಷ್ಟರಾಗ ಉಸ್ತಾದರು ಬಂದ್ರು. ನೋಡಿದ್ರು. "ಕೈ ತೋರಿಸು" ಅಂದ್ರು ನನಗ. ಬಲಗೈ ತೋರಿಸಿದೆ. "ಇನ್ನೊಂದು." ಅದು ಪೂರಾ ಕೆನಿ ಬಣ್ಣ.

ಉಸ್ತಾದರು ಕೆಂಪು ಬ್ರಶ್ ಎತ್ಕೊಂಡ್ರು. ನಾನು ಮೊಳಿಗಿ ಹಾಕಿದ್ದ ನನ್ನ ಚೀಲ ತಗೊಂಡೆ.

"ಎಲ್ಲಿಗಿ ಹೊಂಟಿ ತಮ್ಮಾ?" ಅಂದ್ರು ಆಯಿ.

"ಶಹಾಬಾದ್ ಆಯಿ, ಕಲ್ಲು ತಿಕ್ಕಲಿಕ್ಕೆ. ಮೂರನೇ ಗೆರಿ ಬಿದ್ರ ಇಲ್ಲಿ ಇಟ್ಕೊಳ್ಳಂಗಿಲ್ಲ."

ಅಜ್ಜ ಕೆಮ್ಮಿದ್ರು. ಇಲ್ಲದ ಕರಿ ಕೋಟಿನ ಕಾಲರ್ ಸರಿ ಮಾಡ್ಕೊಂಡ್ರು. "ನಿಂದರ್ರಿ ಉಸ್ತಾದ್. ಎರಡು ಕೈ ಅವ. ಯಾವುದು ಬಣ್ಣ ಕೆಡಿಸ್ತು ಅಂಬೋದಕ್ಕ ಸಾಕ್ಷಿ ಏನದ?"

"ಹಸಿ ಇದ್ದಾಗ ಇವನ ಕೈ ಬಿದ್ದದ್ರಿ ವಕೀಲ್ ಸಾಬ್. ಆಯಿದು ಆಮ್ಯಾಲೆ. ಪೂರಾ ಒಣಗದಿದ್ರೂ ಅಷ್ಟೊತ್ತಿಗಿ ಮ್ಯಾಲಿನ ಪದರ ಗಟ್ಟಿ ಹಿಡಕೊಂಡಿತ್ತು."

"ಹಿಡಕೊಂಡಿತ್ತು ಅಂತ ನಿಮಗ ಹೆಂಗ ಗೊತ್ತು?"

"ನಲವತ್ತು ವರ್ಷದ ಕೆಲಸ್ರಿ ನಂದು."

"ಅದು ಅನುಭವ. ನಾನು ಕೇಳಿದ್ದು ಸಾಕ್ಷಿ."

"ಇದರಾಗ ಸಾಕ್ಷಿ ಏನ್ ಬಂತ್ರಿ, ನೋಡ್ರಿ ಇಲ್ಲಿ" ಅಂತ ಉಸ್ತಾದರು ಬಾನೆಟ್ಟಿನ ಮ್ಯಾಲೆ ಬೆರಳು ಒತ್ತಿದ್ರು.

ಬೆರಳು ಕುಂತಿತು. ಎತ್ತಿದ್ರ ಸಂಗಡ ಕೆನಿ ಬಣ್ಣ ಎದ್ದು ಬಂತು.

ಆಯಿ ಬಾಗಿಲ ಕಡಿ ತಲಿ ಎತ್ತಿ, ಅಕ್ಷರ ಕೂಡಿಸಿಕೋತ ಬೋರ್ಡ್ ಓದಿದ್ರು, "ಹಸಿ ಬಣ್ಣ. ಮುಟ್ಟಬ್ಯಾಡ್ರಿ. ಯಾರು ಬರ್ದಿದ್ರಿ ಇದು?"

ಉಸ್ತಾದರು ಬೆರಳು ನೋಡಿದ್ರು, ಬೋರ್ಡ್ ನೋಡಿದ್ರು, ನನ್ನ ನೋಡಿದ್ರು. ಗೋಡಿಗಿ ಹೋಗಿ ಮೂರನೇ ಗೆರಿ ಎಳೆದ್ರು. ಅದರ ಕೆಳಗ ತಮ್ಮ ಬೆರಳು ಒತ್ತಿದ್ರು, ಕಚೇರ್‍ಯಾಗ ಹೆಬ್ಬೆಟ್ಟು ಒತ್ತಿದಂಗ.

"ಇದು ನಂದು" ಅಂದ್ರು. "ನಿಂದು ಕಾಲು ಜಾರಿದ್ದು, ನಂದು ಬುದ್ಧಿ ಜಾರಿದ್ದು. ಮೂರು ಗೆರಿ ಆದ್ವು. ಕಾಯ್ದೆ ಮಾಡಿದವ ನಾನೇ, ನಾನೇ ಹೊರಗ ಹೊಂಟೆ. ಚೀಲ ಮೊಳಿಗಿ ಹಾಕು, ಗನ್ ಹಿಡಿ."

"ಬಾನೆಟ್ ಮ್ಯಾಲಿನ ಕೈ, ನಿಮ್ಮ ಬೆರಳಿನ ಗುರುತು, ಎರಡೂ ಅಳಿಸಬೇಕೇನ್ರಿ?" ಅಂದೆ.

ಆಯಿ ನಡುವ ಬಂದ್ರು. "ಕೈ ಇರಲಿ. ಶನಿವಾರಕ್ಕಿಂತ ಮೊದಲು ಪೂಜಿ ಆದ ಕೈ ಅದು. ಉಸ್ತಾದರ ಬೆರಳು ಅಳಿಸು."

ಆರು ಬೆರಳಿನ ಕೈ ಸುತ್ತ ಕಾಗದ ಅಂಟಿಸಿಕೋತ ಕುಂತಿದ್ದೆ. ಎದುರಿನ ಹೋಟೆಲಿನಾಗ ಉಸ್ತಾದರು ಬೆರಳು ಮಡಚಿ ಚಾ ಕಪ್ ಹಿಡಿದಿದ್ದು ಇಲ್ಲಿಂದಾನೇ ಕಾಣ್ತಿತ್ತು. ಹೋಟೆಲ್ ಕಾಕಾ ಬಗ್ಗಿ ಬಗ್ಗಿ ನೋಡಿ, ಎಲ್ಲರಿಗೂ ಕೇಳೋ ಹಂಗ ಅಂದ, "ಉಸ್ತಾದ್, ಈ ಸಲ ಮಸಿ ಬೆಳ್ಳಗ ಅದ ಏನ್ರಿ? ಯಾರಿಗಿ ಹಾಕಿ ಬಂದ್ರಿ ವೋಟು?"