ಹೆಪ್ಪುಗಟ್ಟದ ನನ್ನ ರಕ್ತ

ನನ್ನ ರಕ್ತದ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪರದೇಶದ ಡೌನರ್ಸ್ ಗ್ರೋವ್ ಎಂಬ ಊರಿನ ಒಂದು ಲ್ಯಾಬಿನಲ್ಲಿ ಹದಿನೆಂಟು ವರ್ಷಗಳಿಂದ ನಾನು ಥ್ರಾಂಬಾಕ್ಸೇನ್ ಎಂಬ, ಕೊಬ್ಬಿನಿಂದ ಹುಟ್ಟುವ ಅಣುವಿನ ಹಿಂದೆ ಬಿದ್ದಿದ್ದೇನೆ. ಈರುಳ್ಳಿ ಹೆಚ್ಚುವಾಗ ಬೆರಳು ಕುಯ್ದುಕೊಂಡರೆ ರಕ್ತದಲ್ಲಿರುವ ಪ್ಲೇಟ್‌ಲೆಟ್ ಕಣಗಳನ್ನೆಲ್ಲ ಕೂಗಿ ಕರೆದು ರಕ್ತ ಹೆಪ್ಪುಗಟ್ಟಿಸುವುದು ಇದೇ. ಇದರ ದಾಯಾದಿ ಪ್ರೋಸ್ಟಾಗ್ಲಾಂಡಿನ್ ಊತ, ನೋವುಗಳ ಖಾತೆ ನೋಡಿಕೊಳ್ಳುತ್ತದೆ. ದಾಯಾದಿಗಳು ಎಲ್ಲ ಕಡೆಯೂ ಹಾಗೇ. ನಮ್ಮ ಪರೀಕ್ಷೆಗಳಲ್ಲಿ ಹೋಲಿಸಿ ನೋಡಲು ಒಬ್ಬ ಆರೋಗ್ಯವಂತನ ರಕ್ತ ಬೇಕು. ಆ ಆರೋಗ್ಯವಂತ ನಾನು. ಹೊಟ್ಟೆ ಎಷ್ಟೇ ಮುಂದೆ ಬಂದಿರಲಿ, ಕಾಗದದ ಮೇಲೆ ನಾನೇ.

ಕಳೆದ ತಿಂಗಳು ಆ ರಕ್ತ ಪರೀಕ್ಷೆಯಲ್ಲಿ ಹೆಪ್ಪುಗಟ್ಟುವುದನ್ನೇ ನಿಲ್ಲಿಸಿತು. ಮೂರು ವಾರ ಕೊಟ್ಟೆ; ಮೂರು ವಾರವೂ ನೀರುಮಜ್ಜಿಗೆಯ ಹಾಗೆ ಸುಮ್ಮನೆ ಕುಳಿತಿತ್ತು. ನನ್ನಂಥ ವಿಜ್ಞಾನಿ ಏನು ಮಾಡಬೇಕು? ತಪ್ಪು ಯಾರದೆಂದು ಮೊದಲು ತೀರ್ಮಾನಿಸಿ, ಆಮೇಲೆ ಕಾರಣ ಹುಡುಕಬೇಕು. ರಕ್ತ ತೆಗೆದು ಯಂತ್ರಕ್ಕೆ ಹಾಕುವವಳು ಲಿಂಡಾ; ನನಗಿಂತ ಹತ್ತು ವರ್ಷ ದೊಡ್ಡವಳು, ಇವತ್ತಿನವರೆಗೆ ಒಂದು ಹನಿ ಚೆಲ್ಲಿದವಳಲ್ಲ. "ಏನಾದರೂ ಮಾತ್ರೆ ತಗೊಂಡಿದ್ದೀರಾ?" ಎಂದು ಮೆಲ್ಲಗೆ ಕೇಳಿದಳು. ಒಂದೇ ಒಂದು ಆಸ್ಪಿರಿನ್ ನುಂಗಿದರೂ ವಾರದವರೆಗೆ ಥ್ರಾಂಬಾಕ್ಸೇನ್ ತಲೆ ಎತ್ತುವುದಿಲ್ಲ ಎಂದು ಅವಳಿಗೆ ಪಾಠ ಹೇಳಿದವನೇ ನಾನು. ಮೈಯೆಲ್ಲ ಉರಿದುಹೋಯಿತು. ಅವಳ ವಾರ್ಷಿಕ ವರದಿಯಲ್ಲಿ 'ಅಜಾಗರೂಕತೆ' ಎಂದು ಬರೆದು ಕಳಿಸಿದೆ. ಈ ವರ್ಷ ಲ್ಯಾಬಿನಲ್ಲಿ ಒಬ್ಬರನ್ನು ಕೆಲಸದಿಂದ ತೆಗೆಯುತ್ತಾರೆಂಬುದು ನನಗೆ ಗೊತ್ತಿತ್ತು.

ಆ ಶನಿವಾರ ನಮ್ಮವರ ಅಂಗಡಿಗಳೇ ತುಂಬಿರುವ ಡೆವನ್ ಅವೆನ್ಯೂನಲ್ಲಿ ಪಾರ್ಕಿಂಗಿಗಾಗಿ ನಾಲ್ಕು ಸುತ್ತು ಹಾಕಿ, ಬೆಂಡೆಕಾಯಿ ತಂದು, ಸಿಡಿಯುವ ತಲೆ ಹಿಡಿದುಕೊಂಡು ಈಚಿನ ಕೆಲವು ಶನಿವಾರಗಳಂತೆ ಬಿಸ್ಕತ್ತಿನ ಡಬ್ಬಿ ತೆಗೆದೆ. ಮೈಸೂರಿನಿಂದ ಬರುವಾಗಲೆಲ್ಲ ತಂದ ಮಾತ್ರೆಗಳು ಅದರಲ್ಲಿವೆ. ಅಂಗಡಿಯವನು ಕತ್ತರಿಯಲ್ಲಿ ನಾಲ್ಕು ನಾಲ್ಕಾಗಿ ಕತ್ತರಿಸಿ ಕೊಟ್ಟಂಥವು. ಹೆಸರಿರುವ ತುದಿ ಅಂಗಡಿಯಲ್ಲೇ ಉಳಿದಿರುತ್ತದೆ. ನಾವು ಬಣ್ಣ ನೋಡಿ ನುಂಗುತ್ತೇವೆ. ನೀರಿಗೆ ಹಾಕಿದರೆ ಬುಸ್ ಎನ್ನುವುದು ತಲೆನೋವಿನದು. ಅದೊಂದನ್ನು ಲೋಟದ ನೀರಿಗೆ ಹಾಕಿದೆ.

"ರೀ, ಈ ನಡುವೆ ಪ್ರತಿ ಶನಿವಾರ ಡ್ರೈವ್ ಮಾಡ್ಕೊಂಡ್ ಬಂದ ತಕ್ಷಣ ಅದೊಂದು ಕುಡೀತೀರಲ್ಲ, ಏನಿದೆ ಅದ್ರಲ್ಲಿ?" ಎಂದಳು ಹೆಂಡತಿ ಸುಮತಿ.

"ಊರಿಂದು ಕಣೇ, ಏನೂ ಆಗಲ್ಲ."

"ಏನಿದೆ ಅಂತ ಕೇಳಿದ್ದು."

ಡಬ್ಬಿಯ ತಳದಲ್ಲಿ ಅದೇ ಬಣ್ಣದ, ಕತ್ತರಿ ಬೀಳದ ಒಂದು ಇಡೀ ಪಟ್ಟಿ ಸಿಕ್ಕಿತು. ಕನ್ನಡಕ ಹಾಕಿಕೊಂಡು ಓದಿದೆ. ಆಸ್ಪಿರಿನ್. ಲೋಟದಲ್ಲಿ ಅದು ಇನ್ನೂ ಬುಸುಗುಡುತ್ತಿತ್ತು.

ಸೋಮವಾರ ಮೊದಲು ಮ್ಯಾನೇಜರ್ ಬಳಿ ಹೋಗಿ ಆ ಮಾತನ್ನು ವರದಿಯಿಂದ ತೆಗೆಸಿದೆ. ಆಮೇಲೆ ಲಿಂಡಾಳ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ನಿಜಕ್ಕೂ ನಾಚಿಕೆಯಾಗಿತ್ತು. ಅವಳು ಸಿಟ್ಟಾಗಲಿಲ್ಲ, ರಕ್ತ ಕೊಡುವವರು ತುಂಬುವ ಫಾರಂ ತಂದಿಟ್ಟಳು. 'ಕಳೆದ ಎರಡು ವಾರಗಳಲ್ಲಿ ತಲೆನೋವಿನ ಮಾತ್ರೆ ಸೇವಿಸಿದ್ದೀರಾ?' ಎಂಬ ಪ್ರಶ್ನೆ ನಾನೇ ಬರೆದದ್ದು. ಕೆಳಗೆ ಮೂರು ವಾರ 'ಇಲ್ಲ' ಎಂದು ಗುರುತು ಹಾಕಿದ್ದೂ ನಾನೇ. ಆರೋಗ್ಯವಂತರ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಅವಳು ನೆಟ್ಟಗೆ ಒಂದು ಗೆರೆ ಎಳೆದು, "ಕಾರಣ ಏನಂತ ಬರೆಯಲಿ?" ಎಂದು ಕೇಳಿದಳು. ಅವಳ ವರದಿಯಿಂದ ಬೆಳಿಗ್ಗೆ ತೆಗೆಸಿದ 'ಅಜಾಗರೂಕತೆ' ಕೆಲಸವಿಲ್ಲದೆ ಖಾಲಿ ಕುಳಿತಿತ್ತು. ಅದನ್ನೇ ಬರೆಸಿದೆ.